ಹಳೇ ಮನೆ, ಹೊಸ ಕಲೆ, ದುಡಿದವರ ಚರಿತ್ರೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಮ್ಯೂಸಿಯಂ ಆಗಿ ಉಳಿದಿರುವ ಹಳೆಯ ಮನೆಗಳ ಸುತ್ತ ಇವೆ. ನಗರವನ್ನು ಕಟ್ಟಿದ ದುಡಿಯುವ ಜನರ ಬದುಕನ್ನು ಅಂಥ ಮನೆಯೊಳಗೆ ಇಂದಿನ ಕಲಾವಿದರ ಮೂಲಕ ತೋರಿಸುವುದು ಹೇಗೆ ಎಂದು ಕಲಾವಿದರು, ಮ್ಯೂಸಿಯಂ ಸಿಬ್ಬಂದಿ, ನೋಡಲು ಹೋದವರು ಕೇಳಿದ್ದಾರೆ. ಪತ್ರಗಳನ್ನು ತುಸು ಮೊಟಕು ಮಾಡಿದ್ದೇವೆ.

ಪ್ರಶ್ನೆ: ನಮ್ಮ ಮ್ಯೂಸಿಯಂ ಒಬ್ಬ ಗಿರಣಿ ಮಾಲೀಕರ ಬಂಗಲೆ. ಮಂಚ, ಪಿಯಾನೊ, ಬೆಳ್ಳಿ ಪಾತ್ರೆ ಎಲ್ಲ ಇವೆ. ಗಿರಣಿಯಲ್ಲಿ ದುಡಿದವರದು ಮಾತ್ರ ಒಂದು ಚಮಚವೂ ಇಲ್ಲ. ಕಲಾವಿದರನ್ನು ಕರೆದರೆ ಅವರು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಚಮಚ ಇಲ್ಲದಿರುವುದಕ್ಕೆ ಕಾರಣವಿದೆ. ಬಡವರ ಮನೆಯ ಸಾಮಾನು ಸವೆಯುವ ತನಕ ಬಳಕೆಯಾಗುತ್ತದೆ. ಆಮೇಲೆ ಗಿರವಿ ಅಂಗಡಿಗೋ ಒಲೆಗೋ ಹೋಗುತ್ತದೆ. ಮ್ಯೂಸಿಯಂಗೆ ಬರುವುದು ಉಳಿದದ್ದು, ಉಳಿಯುವುದು ಉಳ್ಳವರದ್ದು. ಹಾಗಾಗಿ ವಸ್ತು ಹುಡುಕುವುದನ್ನು ಬಿಟ್ಟು ಗುರುತು ಹುಡುಕಿ.

ಮೊದಲು ಮನೆಯ ಮೈ ಓದಿ. ಮುಂದಿನ ಮೆಟ್ಟಿಲನ್ನೂ ಆಳುಗಳು ಓಡಾಡಿದ ಹಿಂದಿನ ಮೆಟ್ಟಿಲನ್ನೂ ಅಳೆಯಿರಿ: ಅಗಲ ಎಷ್ಟು, ಪ್ರತಿ ಮೆಟ್ಟಿಲಿನ ಎತ್ತರ ಎಷ್ಟು, ನಡುವೆ ಎಷ್ಟು ಮಿಲಿಮೀಟರ್ ಸವೆದಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ತಾಗುವಂತೆ ಓರೆಯಾಗಿ ಹಿಡಿಯಿರಿ. ಮುಚ್ಚಿದ ಮೊಳೆ ತೂತು, ಕರೆಗಂಟೆಯ ತಂತಿ ಹೋದ ದಾರಿ, ಕಿತ್ತು ಹಾಕಿದ ಅಡ್ಡಗೋಡೆಯ ಗೆರೆ, ಹಗಲಲ್ಲಿ ಕಾಣದ್ದೆಲ್ಲ ನೆರಳಾಗಿ ಎದ್ದು ಕಾಣುತ್ತದೆ. ಬಣ್ಣದ ಪದರಗಳನ್ನು ಮಾತ್ರ ನೀವೇ ಕೆರೆಯಬೇಡಿ. ಸಂರಕ್ಷಣಾ ತಜ್ಞರು ಗುಂಡುಸೂಜಿಯ ತಲೆಯಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಅಡ್ಡಸೀಳು ನೋಡುತ್ತಾರೆ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಕೆರೆದ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ.

ಗೋಡೆ ಎಷ್ಟು ಹೇಳಬಲ್ಲದು ಎನ್ನುವುದಕ್ಕೆ ಡಬ್ಲಿನ್ನಿನ 14 ಹೆನ್ರಿಯೆಟ್ಟಾ ಸ್ಟ್ರೀಟ್ ನೋಡಿ. 1740ರ ದಶಕದ ಕೊನೆಯಲ್ಲಿ ಒಂದೇ ಸಿರಿವಂತ ಕುಟುಂಬಕ್ಕೆಂದು ಕಟ್ಟಿದ ಮನೆ ಅದು. 1877ರಲ್ಲಿ ಕೈಬದಲಾದ ಮೇಲೆ ದೊಡ್ಡ ಮೆಟ್ಟಿಲನ್ನೇ ಕಿತ್ತು ಬಾಡಿಗೆ ಬಿಡಾರಗಳಾಗಿ ಒಡೆದರು. 1911ರ ಜನಗಣತಿ ಹೊತ್ತಿಗೆ ಅಲ್ಲಿ 100 ಮಂದಿ ಇದ್ದರು. 2018ರಲ್ಲಿ ಮ್ಯೂಸಿಯಂ ಆಗಿ ತೆರೆದಾಗ ಆ ಬಿಡಾರದ ಕಾಲದ ಅಗ್ಗದ ಕೆಂಪು, ನೀಲಿ ಗೋಡೆಬಣ್ಣವನ್ನು ಅಳಿಸಿ ಮೂಲದ ವೈಭವಕ್ಕೆ ಮರಳಿಸುವ ಗೋಜಿಗೆ ಹೋಗಲಿಲ್ಲ. ಆ ಬಣ್ಣವೇ ಅಲ್ಲಿನ ದಾಖಲೆ. ನ್ಯೂಯಾರ್ಕಿನ 97 ಆರ್ಚರ್ಡ್ ಸ್ಟ್ರೀಟ್ ಇನ್ನೊಂದು ಬಗೆ. 1863ರಲ್ಲಿ ಕಟ್ಟಿದ ಬಾಡಿಗೆ ವಠಾರ. ಹೊಸ ವಸತಿ ನಿಯಮಕ್ಕೆ ತಕ್ಕಂತೆ ರಿಪೇರಿ ಮಾಡಿಸುವ ಬದಲು ಮಾಲೀಕರು 1935ರಲ್ಲಿ ಮೇಲಿನ ಮಹಡಿಗಳನ್ನು ಖಾಲಿ ಮಾಡಿಸಿ ಬೀಗ ಹಾಕಿದರು. ಅರ್ಧ ಶತಮಾನ ಯಾರೂ ಸುಣ್ಣ ಬಳಿಯಲಿಲ್ಲ, ಅದರಿಂದಲೇ ಉಳಿಯಿತು. 1988ರಲ್ಲಿ ಹುಟ್ಟಿದ ಟೆನಮೆಂಟ್ ಮ್ಯೂಸಿಯಂ ನಿಂತಿರುವುದು ಆ ಅಲಕ್ಷ್ಯದ ಮೇಲೆ.

ಎರಡನೆಯದು ಕಾಗದ. ಜನಗಣತಿ, ಅಗ್ನಿವಿಮೆ ಕಂಪನಿಗಳ ನಕ್ಷೆ, ಮುಷ್ಕರದ ಕಾಲದ ಪೊಲೀಸ್ ವರದಿ, ಆಸ್ಪತ್ರೆ ದಾಖಲೆ, ಗಿರಣಿಯ ಹಾಜರಿ ಪುಸ್ತಕ, ಸಂಬಳದ ಲೆಕ್ಕ. ಸಂಬಳದ ಪುಸ್ತಕ ಸಿಕ್ಕರೆ ಕೂಲಿಯ ಕಾಲಂಗಿಂತ ಮೊದಲು ದಂಡದ ಕಾಲಂ ನೋಡಿ. ತಡವಾಗಿ ಬಂದದ್ದು, ನೂಲು ಕೆಡಿಸಿದ್ದು, ಕಿಟಕಿ ತೆರೆದದ್ದು, ಬದುಕು ಅಲ್ಲಿ ಹರಿಯುತ್ತದೆ. ಇದರಲ್ಲಿ ಕಲಾವಿದರು ಮರೆಯುವ ಒಂದು ಮಾತಿದೆ: ಈ ಕಾಗದಗಳನ್ನು ಬರೆದವರು ಕೂಲಿಕಾರರಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಾಡಿದ ಲಂಡನ್ನಿನ ಬಡತನದ ನಕ್ಷೆಯಲ್ಲಿ ಸಮಾಜ ಸಮೀಕ್ಷಕ ಚಾರ್ಲ್ಸ್ ಬೂತ್ ಅತ್ಯಂತ ಬಡ ಬೀದಿಗಳಿಗೆ ಕಪ್ಪು ಬಳಿದು, ಅಲ್ಲಿನವರನ್ನು ದುರ್ಗುಣಿಗಳು, ಅರೆ ಅಪರಾಧಿಗಳು ಎಂದು ಬರೆದಿಟ್ಟ. ಅದರ ಜಾಡಿನಲ್ಲೇ ಶಿಕಾಗೊದ ವಲಸಿಗರ ಬಡ ಕೇರಿಯಲ್ಲಿ ಸಮಾಜ ಸೇವಕರು ನೆಲೆಸಿ ನಡೆಸುತ್ತಿದ್ದ ಹಲ್ ಹೌಸ್ ಎಂಬ ಕೇಂದ್ರದ ನಿವಾಸಿಗಳು 1895ರಲ್ಲಿ ತಮ್ಮ ನೆರೆಹೊರೆಯ ನಕ್ಷೆ ಪ್ರಕಟಿಸಿದರು. ಒಂದರಲ್ಲಿ ಯಾರು ಯಾವ ದೇಶದಿಂದ ಬಂದವರು, ಇನ್ನೊಂದರಲ್ಲಿ ಕುಟುಂಬದ ವಾರದ ಗಳಿಕೆ ಎಷ್ಟು ಎಂದು ಬಣ್ಣದಲ್ಲಿತ್ತು. ಅಲ್ಲಿ ಬಣ್ಣ ಅಳೆದದ್ದು ಗಳಿಕೆಯನ್ನು, ಗುಣವನ್ನಲ್ಲ. ಇಂಥ ನಕ್ಷೆಯನ್ನು ದೊಡ್ಡದು ಮಾಡಿ ಗೋಡೆಗೆ ಹಚ್ಚುವ ಮೊದಲು ಆ ಬಣ್ಣ ಯಾರ ತೀರ್ಪು ಎಂದು ಕೇಳಿಕೊಳ್ಳಿ. ಎಷ್ಟೋ ಕಲಾಕೃತಿಗಳು ಅಧಿಕಾರಿಯ ಕಣ್ಣನ್ನೇ ಕಾರ್ಮಿಕನ ಕಣ್ಣು ಎಂದು ಭ್ರಮಿಸಿ ಕೆಟ್ಟಿವೆ.

ಏನೂ ಹೊಸದು ಮಾಡದೆಯೂ ಕೆಲಸ ಆಗುತ್ತದೆ. 1992ರಲ್ಲಿ ಬಾಲ್ಟಿಮೋರಿನ ಮೇರಿಲ್ಯಾಂಡ್ ಹಿಸ್ಟಾರಿಕಲ್ ಸೊಸೈಟಿಯಲ್ಲಿ ಅಮೆರಿಕದ ಕಲಾವಿದ ಫ್ರೆಡ್ ವಿಲ್ಸನ್ ಮಾಡಿದ್ದು ಅದನ್ನೇ. ಅದು ಮನೆ ಮ್ಯೂಸಿಯಂ ಅಲ್ಲ, ಆದರೆ ಈ ದಾರಿಯಲ್ಲಿ ನಡೆಯುವವರೆಲ್ಲ ಅದನ್ನು ಹಾದೇ ಹೋಗಬೇಕು. ‘ಲೋಹದ ಕೆಲಸ, 1793–1880’ ಎಂಬ ಒಂದೇ ಲೇಬಲ್ಲಿನ ಕೆಳಗೆ ಕುಸುರಿಯ ಬೆಳ್ಳಿ ಪಾತ್ರೆಗಳನ್ನೂ ಗುಲಾಮರ ಕೋಳಗಳನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿಟ್ಟ. ಎರಡೂ ಆ ಸಂಸ್ಥೆಯ ಸಂಗ್ರಹದಲ್ಲೇ ಇದ್ದವು, ಬೇರೆ ಬೇರೆ ಜಾಗದಲ್ಲಿದ್ದವು, ಅಷ್ಟೇ. ನಿಮ್ಮ ಬೆಳ್ಳಿ ಪಾತ್ರೆಯ ಪಕ್ಕ ಇಡಲು ದಂಡದ ಕಾಲಂ ಇರುವ ಆ ಪುಸ್ತಕ ಸಾಕಾಗಬಹುದು.

ಪ್ರಶ್ನೆ: ಹಳೇ ಗಾರೆ ಗೋಡೆಗೆ ಮೊಳೆ ಹೊಡೆಯಲು ಮ್ಯೂಸಿಯಂ ಬಿಡುವುದಿಲ್ಲ. ಸುಮಾರು 120 ಕೆ.ಜಿ. ತೂಕದ ಕಬ್ಬಿಣದ ಕೃತಿಯನ್ನು ಮೊದಲ ಮಹಡಿಯಲ್ಲಿ ಹೇಗೆ ನಿಲ್ಲಿಸಲಿ?

ಉತ್ತರ: ಗೋಡೆಯ ಚಿಂತೆ ಆಮೇಲೆ, ಮೊದಲು ನೆಲ. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150ರಿಂದ 200 ಕೆ.ಜಿ. ಲೆಕ್ಕದಲ್ಲಿ ಕಟ್ಟುತ್ತಾರೆ. ಜನ ಸೇರುವ ಸಭಾಂಗಣಕ್ಕೆ 400ರಿಂದ 500. ನಿಮ್ಮ ಕೃತಿ 120 ಕೆ.ಜಿ. ಇದ್ದರೂ ಅದನ್ನು ನೋಡಲು 12 ಜನ 4 ಚದರ ಮೀಟರಿನಲ್ಲಿ ಗುಂಪಾದರೆ ಅವರದೇ 800 ಕೆ.ಜಿ. ಆಯಿತು, ಅಂದರೆ ಚದರ ಮೀಟರಿಗೆ 200. ಕೃತಿಯ ತೂಕ ಅದರ ಮೇಲೆ. ಕೃತಿ ಭಾರವಲ್ಲ, ಅದರ ಜನಪ್ರಿಯತೆ ಭಾರ! ಆದ್ದರಿಂದ ಕಟ್ಟಡದ ಎಂಜಿನಿಯರ್ ಬರೆದುಕೊಟ್ಟ ಮಿತಿ ಇಲ್ಲದೆ ಮಹಡಿ ಮೇಲೆ ಏನನ್ನೂ ಏರಿಸಬೇಡಿ, ಕೋಣೆಗೆ ಒಮ್ಮೆಗೆ ಇಷ್ಟೇ ಜನ ಎಂಬ ಸಂಖ್ಯೆಯನ್ನೂ ಅವರಿಂದಲೇ ಬರೆಸಿಕೊಳ್ಳಿ.

ತೂಕ ಹಂಚಲು ಕೃತಿಯ ಕಾಲುಗಳನ್ನು ನೇರ ನೆಲಕ್ಕೆ ಊರಬೇಡಿ. ಕೆಳಗೆ 5 ಮಿ.ಮೀ. ದಪ್ಪದ ಪಾಲಿಥೀನ್ ಫೋಮ್, ಅದರ ಮೇಲೆ 18 ಮಿ.ಮೀ. ಪ್ಲೈವುಡ್ ಹಲಗೆ. ಹಲಗೆ ಕನಿಷ್ಠ ಮೂರು ಜಂತಿಗಳ ಮೇಲೆ ಅಡ್ಡಲಾಗಿ ಹಾಯಬೇಕು. ಜಂತಿ ಯಾವ ದಿಕ್ಕಿಗಿದೆ ಎಂದು ನೆಲದ ಹಲಗೆಯ ಮೊಳೆಸಾಲು ಹೇಳುತ್ತದೆ: ಮೊಳೆಗಳು ಸಾಲಾಗಿ ಕಂಡಲ್ಲಿ ಕೆಳಗೆ ಜಂತಿ. ರಬ್ಬರ್ ಪ್ಯಾಡ್ ಹಾಕಬೇಡಿ. ಕೆಲವೇ ತಿಂಗಳಲ್ಲಿ ಅದು ಮೆರುಗೆಣ್ಣೆಯ ಮೇಲೆ ಕಲೆ ಬಿಡುತ್ತದೆ, ಅದರ ಗಂಧಕ ಹತ್ತಿರದ ಬೆಳ್ಳಿಯನ್ನು ಕಪ್ಪಾಗಿಸುತ್ತದೆ.

ಗೋಡೆಯ ಮಟ್ಟಿಗೆ: ಚಿತ್ರ ನೇತುಹಾಕಲೆಂದೇ ಮೇಲೆ ಮರದ ಪಟ್ಟಿ ಇರುವ ಮನೆಯಾದರೆ ಕೊಕ್ಕೆ ಹಾಕಿ ತಂತಿ ಇಳಿಬಿಡಬಹುದು, ಪಟ್ಟಿಯ ಮೊಳೆಗಳು ಸಡಿಲವಾಗಿಲ್ಲ ಎಂದು ಮೊದಲು ನೋಡಿಕೊಂಡು. ಇಲ್ಲದಿದ್ದರೆ ತನ್ನ ಕಾಲ ಮೇಲೆ ತಾನೇ ನಿಲ್ಲುವ ಚೌಕಟ್ಟು, ಗೋಡೆಯಿಂದ 5 ಸೆಂ.ಮೀ. ದೂರದಲ್ಲಿ. ನೆಲಕ್ಕೂ ಛಾವಣಿಗೂ ಒತ್ತಿ ನಿಲ್ಲಿಸುವ ಸ್ಪ್ರಿಂಗ್ ಕಂಬ ಸುಲಭವೆನಿಸುತ್ತದೆ, ಆದರೆ ಮರದ ಪಟ್ಟಿಗಳ ಮೇಲೆ ಮೆತ್ತಿದ ಹಳೇ ಗಾರೆ ಛಾವಣಿಯನ್ನು ಅದು ಹಿಂದಿನಿಂದ ಬಿಡಿಸುತ್ತದೆ. ಬಿರುಕು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಅಂಟುಟೇಪು, ಅಂಟುಮೇಣ, ಗೋಡೆಗೆ ಹಚ್ಚುವ ವಿನೈಲ್ ಅಕ್ಷರ ಯಾವುದೂ ಬೇಡ. ತೆಗೆಯುವಾಗ ಬಣ್ಣದ ಪದರವೂ ಜೊತೆಗೆ ಬರುತ್ತದೆ.

ಪ್ರಶ್ನೆ: ಕಚ್ಚಾ ಹತ್ತಿ, ಸೆಣಬು, ಕಲ್ಲಿದ್ದಲ ಪುಡಿ ಬಳಸಿ ಇನ್‌ಸ್ಟಲೇಷನ್ ಮಾಡಬೇಕೆಂದಿದ್ದೇನೆ. ಕಾರ್ಮಿಕರು ಮುಟ್ಟಿದ್ದು ಅದನ್ನೇ ಅಲ್ಲವೇ? ಆದರೆ ಮ್ಯೂಸಿಯಂನವರು ಹಿಂಜರಿಯುತ್ತಿದ್ದಾರೆ.

ಉತ್ತರ: ಹಿಂಜರಿಯುವುದು ಸರಿ. ನಿಮ್ಮ ಹತ್ತಿಯಲ್ಲಿ ಒಂದು ಪತಂಗದ ಮೊಟ್ಟೆ ಇದ್ದರೆ ಅದು ಪಕ್ಕದ ಕೋಣೆಯ ಉಣ್ಣೆ ಜಮಖಾನ ಸೇರುತ್ತದೆ. ಆದರೆ ಹಿಂಜರಿಕೆ ನಿರಾಕರಣೆ ಆಗಬೇಕಿಲ್ಲ, ದಾರಿ ಇದೆ.

ಹತ್ತಿ, ಸೆಣಬು, ಉಣ್ಣೆಯನ್ನು ಪಾಲಿಥೀನ್ ಚೀಲಕ್ಕೆ ತುಂಬಿ, ಗಾಳಿ ಹೊರಗೊತ್ತಿ, ಮೊಹರು ಮಾಡಿ ಮೈನಸ್ 30 ಡಿಗ್ರಿಯಲ್ಲಿ 3 ದಿನ, ಇಲ್ಲವೇ ಮೈನಸ್ 20ರಲ್ಲಿ 2 ವಾರ ಇಡಿ. ಒತ್ತಿ ಕಟ್ಟಿದ ದಪ್ಪ ಮೂಟೆಯ ಒಳಗೆ ತಣ್ಣಗಾಗುವುದು ನಿಧಾನ, ಆದ್ದರಿಂದ ಸಣ್ಣ ಸಣ್ಣ ಚೀಲ ಮಾಡಿ. ಮನೆಯ ಫ್ರೀಜರ್ ಮೈನಸ್ 18ರ ಸುತ್ತ ಓಲಾಡುತ್ತದೆ, ಅದನ್ನು ನೆಚ್ಚಬೇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಜನ ತಪ್ಪುವುದು ಇಲ್ಲೇ. ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ನೂಲಿನ ಮೇಲೆ ಇಬ್ಬನಿಯಾಗಿ ಕೂತು ಬೂಷ್ಟು ಬರುತ್ತದೆ. ಮೇಣ, ತೈಲವರ್ಣ, ಕೂಡಿಸಿದ ಮರದ ಕೆಲಸ ಇದ್ದರೆ ಹೀಗೆ ತಣಿಸಬೇಡಿ, ಬಿರಿಯುತ್ತವೆ. ಪ್ರದರ್ಶನ ಶುರುವಾದ ಮೇಲೆ ಕೋಣೆಯ ನಾಲ್ಕು ಮೂಲೆಯಲ್ಲಿ ಕೀಟದ ಅಂಟುಬಲೆ ಇಟ್ಟು ವಾರಕ್ಕೊಮ್ಮೆ ಎಣಿಸಿ ಬರೆಯಬೇಕು.

ಕಲ್ಲಿದ್ದಲ ಪುಡಿಯ ಕಥೆ ಬೇರೆ. ಅದು ಹುಳು ತರುವುದಿಲ್ಲ, ಆದರೆ ಉಸಿರಿಗೆ ಕೆಟ್ಟದ್ದು, ನೆಲವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ, ನೋಡುಗರ ಚಪ್ಪಲಿಗೆ ಅಂಟಿ ಮನೆಯಿಡೀ ತಿರುಗುತ್ತದೆ. ಮುಚ್ಚಿದ ಅಕ್ರಿಲಿಕ್ ಪೆಟ್ಟಿಗೆಯಲ್ಲಿಡಿ, ಇಲ್ಲವೇ ಪುಡಿಯ ಬದಲು ತೊಳೆದು ಒಣಗಿಸಿದ ಕಲ್ಲಿದ್ದಲ ಗಟ್ಟಿಗಳನ್ನು ಇಡಿ.

ಕೊನೆಗೆ ಯಾರ ಕಣ್ಣಿಗೂ ಬೀಳದ ಅಪಾಯ: ಪೆಟ್ಟಿಗೆ ಮಾಡಿದ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ), ಅಗ್ಗದ ಪ್ಲೈವುಡ್, ಹೊಸ ಬಣ್ಣ. ಇವುಗಳಿಂದ ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲದ ಆವಿ ಬರುತ್ತಲೇ ಇರುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ಸೀಸದ ಅಚ್ಚುಮೊಳೆ ಇಟ್ಟರೆ ಕೆಲ ತಿಂಗಳಲ್ಲಿ ಅದರ ಮೇಲೆ ಬಿಳಿ ಪುಡಿ ಏಳುತ್ತದೆ. ದೊಡ್ಡ ಮ್ಯೂಸಿಯಂಗಳು ಹೊಸ ಸಾಮಗ್ರಿಯ ಚೂರನ್ನು ಸೀಸ, ತಾಮ್ರ, ಬೆಳ್ಳಿಯ ತುಣುಕುಗಳೊಡನೆ ಮೊಹರು ಮಾಡಿ, 60 ಡಿಗ್ರಿಯಲ್ಲಿ 28 ದಿನ ಇಟ್ಟು ನೋಡುತ್ತವೆ. ಆಡಿ ಪರೀಕ್ಷೆ ಎನ್ನುತ್ತಾರೆ. ಅಷ್ಟು ಅನುಕೂಲ ಇಲ್ಲದಿದ್ದರೆ ಗಾಜು, ಅಕ್ರಿಲಿಕ್, ಪೌಡರ್ ಕೋಟ್ ಮಾಡಿದ ಲೋಹಕ್ಕೆ ಅಂಟಿಕೊಳ್ಳಿ. ಬಣ್ಣ ಬಳಿದರೆ 4 ವಾರ ಹೊರಗೆ ಗಾಳಿಗಿಡಿ.

ಪ್ರಶ್ನೆ: ಮಲಗುವ ಕೋಣೆಯ ಹಳೇ ಗೋಡೆಕಾಗದದ ಮೇಲೆ ನೇರವಾಗಿ ವಿಡಿಯೊ ಪ್ರೊಜೆಕ್ಟ್ ಮಾಡಬಹುದೇ? ಮೊಳೆಯೂ ಇಲ್ಲ, ಅಂಟೂ ಇಲ್ಲ. ಬೆಳಕು ಏನು ಮಾಡೀತು?

ಉತ್ತರ: ಬೆಳಕೇ ಎಲ್ಲಕ್ಕಿಂತ ಹೆಚ್ಚು ಮಾಡುತ್ತದೆ. ಒಂದು ಚದರ ಮೀಟರ್ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ, ಅದನ್ನು ಗಂಟೆಗಳಿಂದ ಗುಣಿಸಿದರೆ ಲಕ್ಸ್-ಗಂಟೆ. ಕಾಗದ, ಬಟ್ಟೆಗೆ ರೂಢಿಯ ಮಿತಿ 50 ಲಕ್ಸ್, ವರ್ಷಕ್ಕೆ ಸುಮಾರು 1,50,000 ಲಕ್ಸ್-ಗಂಟೆ. ಈಗ ಲೆಕ್ಕ ಹಾಕಿ. 3000 ಲ್ಯೂಮೆನ್ (ಒಟ್ಟು ಹೊರಸೂಸುವ ಬೆಳಕು) ಪ್ರೊಜೆಕ್ಟರ್ 6 ಚದರ ಮೀಟರ್ ಗೋಡೆಗೆ ಬಿಳಿ ಬೆಳಕು ಚೆಲ್ಲಿದರೆ 500 ಲಕ್ಸ್. ದಿನಕ್ಕೆ 8 ಗಂಟೆಯಂತೆ 90 ದಿನ ಓಡಿದರೆ 3,60,000 ಲಕ್ಸ್-ಗಂಟೆ. ಮೂರು ತಿಂಗಳಲ್ಲಿ ಎರಡು ವರ್ಷಕ್ಕೂ ಮೀರಿದ ಪಾಲು ಖರ್ಚಾಯಿತು. ಮಾಸಿದ ಬಣ್ಣವನ್ನು ಯಾವ ತಜ್ಞರೂ ಮರಳಿ ತರಲಾರರು. ನಿಮ್ಮ ಚಿತ್ರ ಕಪ್ಪಗಿದ್ದರೆ ಹಾನಿ ಕಡಿಮೆ, ಆದರೆ ಹಾಗೆಂದು ಬಿಡುವುದಲ್ಲ. ಗೋಡೆಯ ಮುಂದೆ 30 ಸೆಂ.ಮೀ. ಬಿಟ್ಟು ತೆಳು ಪರದೆ ಇಳಿಬಿಡಿ, ಬಟ್ಟೆಯ ಹಿಂದೆ ಎಷ್ಟು ಬೆಳಕು ದಾಟುತ್ತದೆಂದು ಲಕ್ಸ್ ಮೀಟರಿನಲ್ಲಿ ಅಳೆಯಿರಿ, ನೋಡುಗರು ಬಂದಾಗಷ್ಟೇ ಹೊತ್ತಿಕೊಳ್ಳುವ ಸೆನ್ಸರ್ ಹಾಕಿ.

ಪ್ರಶ್ನೆ: ಮಗ್ಗಗಳ ಸದ್ದನ್ನು ಮನೆಯೆಲ್ಲ ಕೇಳಿಸಬೇಕೆಂಬುದು ನಮ್ಮ ಕಲಾವಿದೆಯ ಆಸೆ. ಕಾವಲು ಸಿಬ್ಬಂದಿ ಈಗಲೇ ಗೊಣಗುತ್ತಿದ್ದಾರೆ.

ಉತ್ತರ: ಅವರ ಗೊಣಗಾಟವೂ ಕಾರ್ಮಿಕ ಚರಿತ್ರೆಯ ಭಾಗ, ಕಿವಿಗೊಡಿ. ಯಂತ್ರಮಗ್ಗದ ಶೆಡ್ಡಿನ ನಿಜವಾದ ಸದ್ದು ಸುಮಾರು 100 ಡೆಸಿಬಲ್. ಇಂಗ್ಲೆಂಡಿನ ಲ್ಯಾಂಕಶೈರಿನ ನೇಕಾರರು ಆ ಗದ್ದಲದಲ್ಲಿ ತುಟಿ ಅಲುಗಾಟ ನೋಡಿಯೇ ಮಾತಾಡುತ್ತಿದ್ದರು, ಅದಕ್ಕೆ ‘ಮೀ-ಮಾಯಿಂಗ್’ ಎಂಬ ಹೆಸರೇ ಇತ್ತು. ನಿಜದ ಮಟ್ಟದಲ್ಲಿ ಕೇಳಿಸಿದರೆ ಕಿವಿ ಕೆಡುತ್ತದೆ. ತಗ್ಗಿಸಿ ದಿನವಿಡೀ ಕೇಳಿಸಿದರೆ ತಲೆ ಕೆಡುತ್ತದೆ. 3 ನಿಮಿಷದ ಧ್ವನಿ 7 ಗಂಟೆಯಲ್ಲಿ 140 ಸಲ ಮರಳುತ್ತದೆ, ಅಷ್ಟೂ ಸಲ ಕೇಳುವವರು ಮೂಲೆಯ ಕುರ್ಚಿಯಲ್ಲಿ ಕೂತವರು.

ಒಂದೇ ಕೋಣೆಗೆ ಸೀಮಿತಗೊಳಿಸಿ. ಗಂಟೆಗೆ ಒಮ್ಮೆ 4 ನಿಮಿಷ, ಕೇಳುವವರಿಂದ ಒಂದು ಮೀಟರ್ ದೂರದಲ್ಲಿ 65 ಡೆಸಿಬಲ್ ಮೀರದಂತೆ. ಉಳಿದ ಹೊತ್ತಿನ ಮೌನವೇ ಆ ಸದ್ದಿಗೆ ಅಂಚು ಕೊಡುತ್ತದೆ. ಸ್ಪೀಕರನ್ನು ಗಾಜಿನ ಕಪಾಟು, ಸಡಿಲ ಗಾರೆಯ ಹತ್ತಿರ ಇಡಬೇಡಿ. ಕೆಳಸ್ವರದ ಕಂಪನಕ್ಕೆ ಕಪಾಟಿನ ಪಿಂಗಾಣಿ ಗೊತ್ತಾಗದಂತೆ ಅಂಚಿನ ಕಡೆ ನಡೆಯುತ್ತದೆ.

ಪ್ರಶ್ನೆ: ನಿವೃತ್ತ ಗಿರಣಿ ಕಾರ್ಮಿಕರ ಮಾತು ರೆಕಾರ್ಡ್ ಮಾಡಿ ಕೃತಿಯಲ್ಲಿ ಬಳಸಬೇಕು. ಬಾಯಿಮಾತಿನ ಒಪ್ಪಿಗೆ ಸಾಲದೇ?

ಉತ್ತರ: ಸಾಲದು. ಎರಡು ಒಪ್ಪಿಗೆ ಬೇಕು, ಬರಹದಲ್ಲಿ, ಅವರ ಭಾಷೆಯಲ್ಲಿ, ಓದಲು ಬಾರದವರಿಗೆ ಓದಿ ಹೇಳಿ. ಮೊದಲನೆಯದು ರೆಕಾರ್ಡ್ ಮಾಡಿ ದಾಖಲೆಯಾಗಿಡಲು. ಎರಡನೆಯದು ಅದನ್ನು ಕತ್ತರಿಸಿ ಕಲಾಕೃತಿಯಲ್ಲಿ ಸೇರಿಸಲು. ಎರಡನೆಯದನ್ನು ಪೂರ್ತಿಯಾದ ತುಣುಕು ಕೇಳಿಸಿದ ಮೇಲಷ್ಟೇ ಪಡೆಯಿರಿ. ಎರಡು ಗಂಟೆಯ ಮಾತಿನಿಂದ ನಲವತ್ತು ಸೆಕೆಂಡು ಆರಿಸಿದಾಗ ನಗುತ್ತ ಹೇಳಿದ್ದು ಅಳುವಂತೆ ಕೇಳಿಸಬಹುದು. ಹೆಸರು ಹಾಕಬೇಕೇ, ಯಾವ ದಿನಾಂಕದವರೆಗೆ ಹಿಂತೆಗೆದುಕೊಳ್ಳಬಹುದು, ಮೂಲ ರೆಕಾರ್ಡಿಂಗ್ ಯಾರ ಬಳಿ ಇರುತ್ತದೆ, ಎಲ್ಲ ಅದರಲ್ಲಿರಲಿ. ವೇವ್ ಫೈಲಿನಲ್ಲಿ 48 ಕಿಲೊಹರ್ಟ್ಸ್, 24 ಬಿಟ್ ಇಡಿ, ಫೋನಿನ ಎಂಪಿ3 ಮೇಲೆ ಭರವಸೆ ಬೇಡ. ಫ್ಯಾನು ಆರಿಸಿ, ಮೈಕ್ ಬಾಯಿಂದ ಒಂದು ಗೇಣು ದೂರ. ಹೊತ್ತು ಕೊಟ್ಟವರಿಗೆ ಗೌರವಧನ ಕೊಡಿ. ಒಂದು ಪ್ರತಿ ಅವರ ಮನೆಗೆ ತಲುಪಲಿ.

ಪ್ರಶ್ನೆ: ಮ್ಯೂಸಿಯಂ ನನಗೆ ಸಾಮಗ್ರಿ ಖರ್ಚು ಕೊಡುತ್ತದಂತೆ, ಸಂಭಾವನೆ ಇಲ್ಲವಂತೆ. ‘ಹೆಸರು ಬರುತ್ತದೆ’ ಎನ್ನುತ್ತಾರೆ.

ಉತ್ತರ: ಕೂಲಿಯ ಚರಿತ್ರೆ ಹೇಳುವ ಮನೆಯಲ್ಲಿ ಕೂಲಿ ಇಲ್ಲದ ಕೆಲಸ! ಬರಹದಲ್ಲಿ ಕೇಳಿ: ಸಂಭಾವನೆ ಬೇರೆ, ಸಾಮಗ್ರಿ ಬೇರೆ, ಜೋಡಿಸುವ ಕೂಲಿ ಬೇರೆ, ಬಿಚ್ಚುವ ಕೂಲಿ ಬೇರೆ, ಒಟ್ಟಿನ ಮೇಲೆ ಶೇಕಡಾ 10ರಿಂದ 15 ಅನಿರೀಕ್ಷಿತಕ್ಕೆ. ಬಿಚ್ಚುವ ಖರ್ಚನ್ನು ಎಲ್ಲರೂ ಮರೆಯುತ್ತಾರೆ, ಕೊನೆಗೆ ಅದು ಸಂಭಾವನೆಯನ್ನೇ ತಿನ್ನುತ್ತದೆ. ಒಪ್ಪಂದಕ್ಕೆ ಸಹಿಯಾದಾಗ ಮೂರನೇ ಒಂದು ಭಾಗ, ಕೃತಿ ತಲುಪಿದಾಗ ಇನ್ನೊಂದು, ಪ್ರದರ್ಶನ ತೆರೆದ ದಿನ ಉಳಿದದ್ದು. ಅಮೆರಿಕದಲ್ಲಿ 2008ರಲ್ಲಿ ಕಲಾವಿದರೇ ಕಟ್ಟಿಕೊಂಡ ‘ವೇಜ್’ ಎಂಬ ಸಂಘಟನೆ ಸಂಸ್ಥೆಯ ವಾರ್ಷಿಕ ವೆಚ್ಚಕ್ಕೆ ಹೊಂದಿಕೊಂಡ ಕನಿಷ್ಠ ಸಂಭಾವನೆಯ ಲೆಕ್ಕ ರೂಪಿಸಿದೆ. ಅದರ ಅಂಕಿಗಳು ನಿಮಗೆ ಹೊಂದದಿರಬಹುದು, ಲೆಕ್ಕ ಹಾಕುವ ಬಗೆ ಹೊಂದುತ್ತದೆ.

ಪ್ರಶ್ನೆ: ಮನೆತನದವರು ಮ್ಯೂಸಿಯಂನ ದಾನಿಗಳೂ ಹೌದು. ಮುಷ್ಕರದ ವಿಷಯ ಬಂದರೆ ಮುನಿಸಿಕೊಳ್ಳುತ್ತಾರೆ.

ಉತ್ತರ: ಪಠ್ಯವನ್ನು ಅಚ್ಚಿಗೆ ಮೊದಲು ತೋರಿಸಿ. ತಪ್ಪು ತಿದ್ದಲು, ಅನುಮತಿ ಕೇಳಲು ಅಲ್ಲ. ಈ ಭೇದ ಕಲಾವಿದರ ಒಪ್ಪಂದದಲ್ಲೇ ಒಂದು ಸಾಲಾಗಿರಲಿ.

ಪ್ರಶ್ನೆ: ಇಂಥ ಒಂದು ಮನೆಯಲ್ಲಿ ಅಡುಗೆ ಆಳಿನ ಹಳೇ ಪತ್ರ ಓದಿ ಕಣ್ಣು ತುಂಬಿತು. ಹೊರಗೆ ಬಂದ ಮೇಲೆ ಅದು ಕಲಾವಿದರು ಬರೆದ ಕಲ್ಪನೆ ಎಂದು ಗೊತ್ತಾಯಿತು. ಮೋಸಹೋದೆ ಅನ್ನಿಸಿತು. ನನ್ನದೇ ತಪ್ಪೇ?

ಉತ್ತರ: ತಪ್ಪು ನಿಮ್ಮದಲ್ಲ. ಕಲಾ ಗ್ಯಾಲರಿಗೆ ಹೋದವರು ಎಲ್ಲವೂ ಯಾರೋ ಮಾಡಿದ್ದು ಎಂದುಕೊಂಡೇ ಹೋಗುತ್ತಾರೆ. ಹಳೇ ಮನೆಗೆ ಹೋದವರು ಎಲ್ಲವೂ ಇದ್ದದ್ದು ಎಂದುಕೊಂಡು ಹೋಗುತ್ತಾರೆ. ಆ ನಂಬಿಕೆಯನ್ನು ಬಳಸಿಕೊಳ್ಳುವ ಕೃತಿ ಅದಕ್ಕೆ ಲೆಕ್ಕ ಒಪ್ಪಿಸಬೇಕು. ದುಡಿದವರ ಬಗ್ಗೆ ಅಸಲಿ ಕಾಗದ ಎಷ್ಟು ಕಡಿಮೆ ಎಂದರೆ, ಚಹಾದಲ್ಲಿ ನೆನೆಸಿ ಹಳದಿ ಮಾಡಿದ ಒಂದು ಹುಸಿ ಪತ್ರ ಮುಂದೆ ಯಾರದೋ ಸಂಶೋಧನೆಯಲ್ಲಿ ಸಾಕ್ಷಿಯಾಗಿ ಕೂರಬಹುದು.

ಕಲ್ಪನೆಯೇ ಬೇಡ ಎಂದಲ್ಲ. ಶಿಕಾಗೊದ ಹಲ್ ಹೌಸ್ ಮ್ಯೂಸಿಯಂ ಅದರ ಸಂಸ್ಥಾಪಕಿ ಜೇನ್ ಆಡಮ್ಸ್ ಅವರ ಪ್ರವಾಸದ ಔಷಧಿ ಪೆಟ್ಟಿಗೆಗೆ ಲೇಖಕಿಯೊಬ್ಬರಿಂದ ಪುಸ್ತಕದಷ್ಟು ಉದ್ದದ ಲೇಬಲ್ ಬರೆಸಿತು. ಬರೆದವರ ಹೆಸರು ಅದರ ಮೇಲೇ ಇರುವುದರಿಂದ ಓದುಗರಿಗೆ ಗೊಂದಲವಿಲ್ಲ. ನಮ್ಮ ಸಲಹೆ ಮೂರು. ಕಲಾವಿದರು ತಂದಿಟ್ಟ ಎಲ್ಲಕ್ಕೂ ಒಂದೇ ಬೇರೆ ಬಣ್ಣದ ಲೇಬಲ್, ಅದೇ ಕೋಣೆಯಲ್ಲಿ, ಹೊರಗಿನ ಫಲಕದಲ್ಲಲ್ಲ. ಹುಸಿ ಪತ್ರ, ಫೋಟೊಗಳ ಹಿಂಬದಿಯಲ್ಲಿ ಅಳಿಸಲಾಗದಂತೆ ಕಲಾವಿದರ ಹೆಸರು, ಮಾಡಿದ ವರ್ಷ. ಮನೆಯ ಸಂಗ್ರಹದ ವಸ್ತುಗಳಿಗೆ ಕೊಡುವ ಸಂಖ್ಯೆಯ ಸಾಲಿನಲ್ಲಿ ಇವುಗಳಿಗೆ ಸಂಖ್ಯೆ ಕೊಡದೆ ಬೇರೆ ಪಟ್ಟಿ.

ಮಾರ್ಗದರ್ಶಕರಿಗೂ ಒಂದು ಮಾತು: ‘ಇದು ನಿಜವೇ?’ ಎಂದು ನೋಡುಗರು ಕೇಳಿದಾಗ ‘ನಿಮಗೇನನ್ನಿಸುತ್ತದೆ?’ ಎಂದು ತಿರುಗಿ ಕೇಳಬಾರದು. ಉತ್ತರ ಹೇಳಿಬಿಡಬೇಕು.

ಪ್ರಶ್ನೆ: ಪ್ರದರ್ಶನ ಮುಗಿದ ಮೇಲೆ ಏನೇನು ಉಳಿಸಿಕೊಳ್ಳಬೇಕು?

ಉತ್ತರ: ಕೃತಿಗಿಂತ ಕಡತ ಮುಖ್ಯ. ಜೋಡಿಸುವ ಮೊದಲೂ ಬಿಚ್ಚಿದ ಮೇಲೂ ಅದೇ ಕೋನದಿಂದ ತೆಗೆದ ಗೋಡೆ, ನೆಲದ ಫೋಟೊ. ಯಾವ ವಸ್ತು ಎಲ್ಲಿಂದ ಸರಿಯಿತು ಎಂಬ ನಕ್ಷೆ. ಕೀಟಬಲೆಯ ಎಣಿಕೆ, ಲಕ್ಸ್ ಅಳತೆ. ಒಪ್ಪಿಗೆ ಪತ್ರಗಳ ಮೂಲ ಪ್ರತಿ. ಬಳಸಿದ ಪ್ರತಿ ಹೇಳಿಕೆಯ ಮೂಲ ದಾಖಲೆ ಯಾವ ಪುಸ್ತಕ, ಯಾವ ಪುಟ ಎಂಬ ಪಟ್ಟಿ. ಬಿಚ್ಚುವಾಗ ನೆಲಹಾಸಿನ ಹಲಗೆ ಎತ್ತಿದರೆ ಸಂದಿಯಲ್ಲಿ ಗುಂಡಿ, ಸೂಜಿ, ಬೀಡಿಯ ತುಂಡು ಸಿಗುವುದುಂಟು. ಗುಡಿಸಿ ಎಸೆಯಬೇಡಿ. ಯಾವ ಕೋಣೆ, ಎಷ್ಟನೇ ಹಲಗೆಯ ಕೆಳಗೆ ಎಂದು ಬರೆದು ಚೀಲಕ್ಕೆ ಹಾಕಿ.